ಎಸ್‌ಎಂಪಿಎಸ್ ಸದ್ದಿಗೆ ಕಿವಿಗೊಟ್ಟ ಎಸ್‌ಪಿ ರೋಡಿನ ರಿಪೇರಿ ಅಂಗಡಿ

ಕಂಪ್ಯೂಟರ್ ಸದ್ದು ಮಾಡುತ್ತಿದೆ ಅಂತ ಹೇಳಿ ಮುಗಿಸುವ ಮೊದಲೇ "ಎಸ್‌ಎಂಪಿಎಸ್ ಹೋಗಿದೆ ಸರ್, ಹೊಸದು ಹಾಕ್ಬಿಡಿ" ಅನ್ನುವ ಅಂಗಡಿಗಳು ಬೆಂಗಳೂರಿನಲ್ಲಿ ಬೇಕಾದಷ್ಟಿವೆ. ಎಸ್‌ಎಂಪಿಎಸ್ ಅಂದರೆ ಗೋಡೆಯ ಕರೆಂಟನ್ನು ಕಂಪ್ಯೂಟರಿಗೆ ಬೇಕಾದ ಹಾಗೆ ಬದಲಾಯಿಸಿ ಕೊಡುವ ಡಬ್ಬಿ. ನಮ್ಮ ಏರಿಯಾದ ಅಂಗಡಿಯವನಂತೂ ಕ್ಯಾಬಿನೆಟ್ ಕಣ್ಣಿಗೆ ಬೀಳುವ ಮೊದಲೇ, ಬರೀ ಫೋನಿನಲ್ಲಿ, 750 ವ್ಯಾಟಿನದಕ್ಕೆ ರೇಟು ಹೇಳಿಬಿಟ್ಟ. ನನ್ನ ಮೆಷಿನ್‌ಗೆ 550 ವ್ಯಾಟೇ ಜಾಸ್ತಿ. ಅದಕ್ಕೇ ಎಸ್‌ಪಿ ರೋಡಿಗೆ, ಅಂದರೆ ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಸಾಮಾನಿನ ಪೇಟೆಗೆ, ಹೊತ್ತುಕೊಂಡು ಹೋದೆ. ಅಲ್ಲಿ ಸಿಕ್ಕ ರಿಪೇರಿಯವರು ಹೊಸದನ್ನು ಮಾರಲಿಲ್ಲ, ಹಳೆಯದನ್ನು ಬಿಚ್ಚಲೂ ಇಲ್ಲ. ಕೂತು ಕೇಳಿಸಿಕೊಂಡರು, ಕೇಳಿಸಿಕೊಂಡದ್ದಕ್ಕೆ ದುಡ್ಡು ತಗೊಂಡರು. ಆ ದುಡ್ಡು ಯಾಕೆ ದಂಡ ಅಲ್ಲ ಅಂತ ಹೇಳುವುದಕ್ಕೇ ಈ ರಿವ್ಯೂ.

ಅಂಗಡಿಯ ಹೆಸರು ಹಾಕುತ್ತಿಲ್ಲ. ಹಾಕಬೇಡಿ ಅಂತ ಅವರೇ ಕೇಳಿಕೊಂಡರು. ಒಬ್ಬರೇ ಕೂತು ಮಾಡುವ ಕೆಲಸ, ಜೊತೆಗೆ ಒಬ್ಬ ಹುಡುಗ, ಈಗ ಬರುವ ಗಿರಾಕಿಗಳನ್ನು ಸಂಭಾಳಿಸಿದರೆ ಸಾಕಂತೆ. ಪರವಾಗಿಲ್ಲ. ಒಳ್ಳೇ ರಿಪೇರಿಯವರನ್ನು ಗುರುತು ಹಿಡಿಯುವುದು ಹೇಗೆ ಅಂತ ಇದನ್ನು ಓದಿದರೆ ಗೊತ್ತಾಗುತ್ತದೆ. ಆಮೇಲೆ ನಿಮ್ಮೂರಲ್ಲೇ ಹುಡುಕಿಕೊಳ್ಳಬಹುದು.

ಮೊದಲು ನನ್ನ ತಕರಾರು ಏನು ಅಂತ ಹೇಳಿಬಿಡುತ್ತೇನೆ. ಬೆಳಿಗ್ಗೆ ಮೊದಲ ಸಲ ಆನ್ ಮಾಡಿದಾಗ ಹಿಂದಿನಿಂದ ಕರಕರ ಅಂತ ಸದ್ದು, ಒಣಗಿದ ಅವರೆಕಾಯಿ ಸಿಪ್ಪೆಯನ್ನು ಕೈಯಲ್ಲಿ ಉಜ್ಜಿದ ಹಾಗೆ. ಐದು ಹತ್ತು ನಿಮಿಷ ಆದ ಮೇಲೆ ತಾನೇ ತಾನಾಗಿ ನಿಲ್ಲುತ್ತಿತ್ತು. ಇನ್ನೊಂದು, ಕರೆಂಟ್ ಹೋಗಿ ಇನ್ವರ್ಟರ್ ಹತ್ತಿಕೊಂಡಾಗ ಒಂದು ಗುಂಯ್. ಮಗ ಗೇಮ್ ಆಡುವಾಗ ಸಣ್ಣಗೆ ಕುಯ್ಯ್ ಅನ್ನುವುದು ಬೇರೆ. ನಮ್ಮ ಮನೆಯಲ್ಲಿ ಎಲ್ಲರೂ ಇದಕ್ಕೆಲ್ಲ ಎಸ್‌ಎಂಪಿಎಸ್ಸೇ ಕಾರಣ ಅಂತ ತೀರ್ಮಾನ ಮಾಡಿ ಆಗಿತ್ತು.

ಅಂಗಡಿಯಲ್ಲಿ ಮೊದಲು ಕೇಳಿದ ಪ್ರಶ್ನೆಯೇ ನನಗೆ ಹಿಡಿಸಿತು. "ಯಾವ ಸದ್ದು ಸರ್? ಯಾವಾಗ ಬರುತ್ತೆ, ಯಾವಾಗ ಹೋಗುತ್ತೆ?" ನಾನು ಮೂರನ್ನೂ ಹೇಳಿದೆ. ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡು ಹೋಗಿದ್ದೆ, ಅದನ್ನೂ ಕೇಳಿಸಿದೆ. ಅವರು ಇನ್ವರ್ಟರ್ ಸದ್ದನ್ನು ಒಂದೇ ಸಲ ಕೇಳಿ, "ಕರೆಂಟ್ ಹೋದಾಗ ನಿಮ್ಮ ಮನೆ ಸೀಲಿಂಗ್ ಫ್ಯಾನೂ ಗುಂಯ್ ಅನ್ನುತ್ತಾ?" ಅಂದರು. ಅನ್ನುತ್ತೆ ಅಂದೆ. "ಹಾಗಾದ್ರೆ ಇದನ್ನ ಇಲ್ಲಿಗೆ ತರೋ ಅವಶ್ಯಕತೆ ಇರಲಿಲ್ಲ, ಅದು ಸ್ಕ್ವೇರ್ ವೇವ್ ಇನ್ವರ್ಟರ್."

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಊರು ಕಡೆ ಮನೆ ಮನೆಯಲ್ಲೂ ಇನ್ವರ್ಟರ್ ಇದೆ, ಈ ಸದ್ದನ್ನು ಕೇಳಿ ಎಸ್‌ಎಂಪಿಎಸ್ ಬದಲಾಯಿಸಿದವರನ್ನು ನಾನೇ ನೋಡಿದ್ದೇನೆ. ಬೆಸ್ಕಾಂ ಲೈನಿನಲ್ಲಿ ಬರುವ ಕರೆಂಟು ಸೆಕೆಂಡಿಗೆ 50 ಸಲ ನುಣ್ಣಗೆ ಏರಿ ಇಳಿಯುತ್ತದೆ, ಅದು ಸೈನ್ ವೇವ್. ಕಡಿಮೆ ಬೆಲೆಯ ಇನ್ವರ್ಟರ್‌ನಲ್ಲಿ ಅದು ಥಟ್ ಅಂತ ಏರಿ ಥಟ್ ಅಂತ ಇಳಿಯುತ್ತದೆ, ಇದೇ ಸ್ಕ್ವೇರ್ ವೇವ್. ಸೀಲಿಂಗ್ ಫ್ಯಾನಿನ ಸುತ್ತು, ಎಸ್‌ಎಂಪಿಎಸ್ ಒಳಗಿನ ಕಾಯಿಲ್, ಎಲ್ಲವೂ ಆ ಹೊಡೆತಕ್ಕೆ ಅದುರುತ್ತವೆ. ಅದುರಿದ್ದೇ ಗುಂಯ್ ಅಂತ ಕೇಳುವುದು. ಪವರ್ ಫ್ಯಾಕ್ಟರ್ ಕರೆಕ್ಷನ್ (ಗೋಡೆಯಿಂದ ಕರೆಂಟನ್ನು ಹದವಾಗಿ ಎಳೆಯುವ ವ್ಯವಸ್ಥೆ) ಇರುವ ಈಗಿನ ಎಸ್‌ಎಂಪಿಎಸ್‌ಗಳಿಗಂತೂ ಸ್ಕ್ವೇರ್ ವೇವ್ ಎಷ್ಟೋ ಸಲ ಆಗಿಬರುವುದಿಲ್ಲ. ಕಂಪ್ಯೂಟರಿಗೆ ಪ್ಯೂರ್ ಸೈನ್ ವೇವ್ ಇನ್ವರ್ಟರ್ ಇಲ್ಲವೇ ಒಳ್ಳೇ ಯುಪಿಎಸ್ ಬೇಕು, ಇಲ್ಲದಿದ್ದರೆ ಕರೆಂಟ್ ಹೋದಾಗ ಶಟ್‌ಡೌನ್ ಮಾಡಿ ಸುಮ್ಮನಿರಬೇಕು. ನಾವು ಸದ್ಯಕ್ಕೆ ಶಟ್‌ಡೌನನ್ನೇ ಮಾಡುತ್ತಿದ್ದೇವೆ. ಇನ್ವರ್ಟರ್ ಬದಲಾಯಿಸುವ ಮಾತು ಎತ್ತಿದರೆ ಮನೆಯಲ್ಲಿ ಬೇರೆ ಥರದ ಸದ್ದು ಶುರುವಾಗುತ್ತದೆ.

ಗೇಮ್ ಆಡುವಾಗಿನ ಕುಯ್ಯ್ ಸದ್ದನ್ನು ಅವರು ಜಾಸ್ತಿ ತಲೆಗೆ ಹಚ್ಚಿಕೊಳ್ಳಲಿಲ್ಲ. "ಗೇಮಿನ ಮೆನುನಲ್ಲಿ ಸುಮ್ನೆ ನಿಂತಾಗ ಜೋರು, ಆಟ ಶುರುವಾದ್ರೆ ಬೇರೆ ಥರ, ಅಲ್ವಾ?" ಹೌದು. ಅದು ಗ್ರಾಫಿಕ್ಸ್ ಕಾರ್ಡಿನ ಕಾಯಿಲ್ ವೈನ್. ಕಾರ್ಡಿನಲ್ಲಿರುವ ಕಾಯಿಲ್‌ಗಳ ಮೂಲಕ ಹೋಗುವ ಕರೆಂಟು ಬಹಳ ವೇಗವಾಗಿ ಏರುಪೇರಾದಾಗ ಅವು ಕಿವಿಗೆ ಕೇಳುವ ಮಟ್ಟಕ್ಕೆ ಅದುರುತ್ತವೆ. ಮೆನು ಪರದೆಯಲ್ಲಿ ಮಾಡುವ ಕೆಲಸ ಏನೂ ಇಲ್ಲದೆ ಕಾರ್ಡು ಸೆಕೆಂಡಿಗೆ ನೂರಾರು ಫ್ರೇಮ್ (ಪರದೆಯ ಚಿತ್ರ) ಎಳೆಯುತ್ತಾ ಕೂತಿರುತ್ತದೆ, ಅದಕ್ಕೇ ಅಲ್ಲಿ ಜೋರು. ಸೆಟ್ಟಿಂಗ್ಸ್‌ಗೆ ಹೋಗಿ ಫ್ರೇಮ್ ರೇಟನ್ನು 60ಕ್ಕೆ ಕಟ್ಟಿಹಾಕಿ ಅಂದರು. ಅಲ್ಲೇ ಹಾಕಿ ನೋಡಿದೆವು, ಮುಕ್ಕಾಲು ಭಾಗ ಸದ್ದು ಹೋಯಿತು. ಈ ಕುಯ್ಯ್ ಸದ್ದು ಎಸ್‌ಎಂಪಿಎಸ್‌ನಿಂದಲೂ ಬರಬಹುದು, ಎಲ್ಲಿಂದ ಬಂದರೂ ಕಿರಿಕಿರಿಯೇ ಹೊರತು ಅಪಾಯವಲ್ಲ.

ಉಳಿದದ್ದು ಕರಕರ. ಇದಕ್ಕೆ ಅವರು, "ಮೆಷಿನ್ ರಾತ್ರಿ ಇಲ್ಲೇ ಇರಲಿ" ಅಂದರು. ನನಗೆ ಸ್ವಲ್ಪ ಅನುಮಾನ ಬಂತು. ಎಸ್‌ಪಿ ರೋಡಿನಲ್ಲಿ ಮೆಷಿನ್ ಬಿಟ್ಟು ಬಂದರೆ ರ್‍ಯಾಮ್ ಬದಲಾಗುತ್ತೆ ಅಂತ ಕಥೆ ಕೇಳದವರು ಯಾರಿದ್ದಾರೆ? ಕಾರಣ ಕೇಳಿದಾಗ ಸರಿ ಅನ್ನಿಸಿತು. ಸದ್ದು ಬರುವುದು ತಣ್ಣಗಿರುವಾಗ. ಆಟೋದಲ್ಲಿ ಅಲ್ಲಾಡಿಸಿಕೊಂಡು ತಂದು, ಆಗಲೇ ಒಮ್ಮೆ ಆನ್ ಮಾಡಿ ಬಿಸಿಯಾಗಿರುವ ಮೆಷಿನ್‌ನಲ್ಲಿ ಅದು ಕೇಳುವುದೇ ಇಲ್ಲ. ಅವರು ರ್‍ಯಾಮ್, ಎಸ್‌ಎಸ್‌ಡಿ, ಕಾರ್ಡು ಎಲ್ಲದರ ಸೀರಿಯಲ್ ನಂಬರಿನ ಫೋಟೊ ನನ್ನ ಫೋನಿನಿಂದಲೇ ತೆಗೆಸಿ, ಆಮೇಲೆ ಮೆಷಿನ್ ಒಳಗಿಟ್ಟುಕೊಂಡರು. ಇದನ್ನು ನಾನು ಕೇಳಿರಲಿಲ್ಲ, ಅವರಾಗಿಯೇ ಮಾಡಿದ್ದು.

ಮಾರನೇ ದಿನ ಅಂಗಡಿ ತೆಗೆಯುವ ಹೊತ್ತಿಗೆ ಬನ್ನಿ ಅಂದಿದ್ದರು, ಹೋದೆ. ಮುಂದಿನದನ್ನು ಎದುರಿಗೆ ನಿಂತು ನೋಡಿದೆ. ಮೊದಲು ಹಳೇ ಕ್ಯಾಲೆಂಡರ್ ಹಾಳೆಯೊಂದನ್ನು ಕೊಳವೆ ಥರ ಸುತ್ತಿದರು. ಒಂದು ತುದಿ ಕಿವಿಗೆ, ಇನ್ನೊಂದು ತುದಿಯನ್ನು ಮೆಷಿನ್ ಹಿಂಭಾಗಕ್ಕೆ ನಾಲ್ಕು ಬೆರಳು ದೂರದಲ್ಲಿ ಹಿಡಿದು, ಮೇಲಿಂದ ಕೆಳಕ್ಕೆ ನಿಧಾನವಾಗಿ ಇಳಿಸಿದರು. ಕೇಸ್ ಫ್ಯಾನ್, ಗ್ರಾಫಿಕ್ಸ್ ಕಾರ್ಡ್, ಕೊನೆಗೆ ಎಸ್‌ಎಂಪಿಎಸ್. ನನ್ನ ಕೈಗೂ ಕೊಟ್ಟರು. ಬರೀ ಕಿವಿಗೆ ಇಡೀ ಡಬ್ಬಿಯೇ ಕರಕರ ಅನ್ನುವ ಹಾಗಿತ್ತು, ಕೊಳವೆ ಇಟ್ಟಾಗ ಮಾತ್ರ ಕೆಳಗಿನ ಮೂಲೆಯಿಂದ ಅಂತ ಸ್ಪಷ್ಟವಾಗಿ ಗೊತ್ತಾಯಿತು. ಕಾಗದವೇ ಆಗಬೇಕು, ಲೋಹದ ಪೈಪು ಗೀಪು ಬೇಡ.

ಹಾಗಂತ ಅಷ್ಟಕ್ಕೇ ತೀರ್ಪು ಕೊಡಲಿಲ್ಲ. ಆಫ್ ಮಾಡಿ, ಪ್ಲಗ್ ಕಿತ್ತು, ಕೇಸ್ ಫ್ಯಾನಿನ ವೈರುಗಳನ್ನು ಬೋರ್ಡಿನಿಂದ ಬಿಡಿಸಿದರು. ಹಾರ್ಡ್ ಡಿಸ್ಕಿನ ಪವರ್ ತೆಗೆದರು. ಹಳೇ ಹಾರ್ಡ್ ಡಿಸ್ಕುಗಳ ಕಟಕಟವನ್ನೂ ಜನ ಎಸ್‌ಎಂಪಿಎಸ್ ತಲೆಗೇ ಕಟ್ಟುತ್ತಾರಂತೆ, ಡಿಸ್ಕ್ ಸಾಯುತ್ತಿದ್ದರೆ ಅದೊಂದು ದೊಡ್ಡ ಅನಾಹುತ, ಡೇಟಾ ಹೋಗುತ್ತದೆ. ಕಾರ್ಡನ್ನೂ ತೆಗೆದು ಬೋರ್ಡಿನ ಡಿಸ್‌ಪ್ಲೇಗೆ ಮಾನಿಟರ್ ಹಾಕಿದರು. ಪ್ರೊಸೆಸರ್ ಫ್ಯಾನನ್ನು ಮಾತ್ರ ಕೀಳಲಿಲ್ಲ, ಬಯಾಸ್‌ಗೆ (ಆನ್ ಆದ ಕೂಡಲೇ ಸಿಗುವ, ಬೋರ್ಡಿನದೇ ಸೆಟ್ಟಿಂಗ್ಸ್) ಹೋಗಿ ಅದರ ವೇಗವನ್ನು ಒಮ್ಮೆ ಪೂರ್ತಿ ಏರಿಸಿ ಇಳಿಸಿದರು. ಕರಕರ ಅದರ ಜೊತೆ ಏರಲೂ ಇಲ್ಲ, ಇಳಿಯಲೂ ಇಲ್ಲ. ಕೊನೆಗೆ ತಮ್ಮದೇ ಒಂದು ಎಸ್‌ಎಂಪಿಎಸ್ ತಂದು ನನ್ನ ಬೋರ್ಡಿಗೆ ಹಾಕಿದರು. ಸದ್ದು ಮಂಗಮಾಯ. ಅಲ್ಲಿಗೆ ಕಳ್ಳ ಸಿಕ್ಕ.

ನಮ್ಮ ಏರಿಯಾದ ಅಂಗಡಿಯವನು ಹೇಳಿದ್ದೂ ಎಸ್‌ಎಂಪಿಎಸ್ಸೇ ತಾನೇ ಅಂತ ನೀವು ಕೇಳಬಹುದು. ಹೌದು, ಮೂರರಲ್ಲಿ ಒಂದಕ್ಕೆ ಮಾತ್ರ. ಅವನ ಮಾತು ಕೇಳಿ ಹೊಸದು ಹಾಕಿಸಿದ್ದರೆ ಉಳಿದೆರಡು ಸದ್ದು ಹೊಸದರಲ್ಲೂ ಇರುತ್ತಿದ್ದವು, ಆಗ ಅವನು ಬೋರ್ಡ್ ಬದಲಾಯಿಸಿ ಅನ್ನುತ್ತಿದ್ದ.

ತಣ್ಣಗಿರುವಾಗ ಕರಕರ, ಬಿಸಿಯಾದ ಮೇಲೆ ಸುಮ್ಮನಾಗುವುದು ಅಂದರೆ ಫ್ಯಾನಿನ ಬೇರಿಂಗ್. ಕಡಿಮೆ ಬೆಲೆಯ ಫ್ಯಾನುಗಳಲ್ಲಿ ಸ್ಲೀವ್ ಬೇರಿಂಗ್ ಇರುತ್ತದೆ. ಅದರ ಎಣ್ಣೆ ವರ್ಷಗಳು ಕಳೆದ ಹಾಗೆ ಒಣಗಿ ಗಟ್ಟಿಯಾಗುತ್ತದೆ, ಸ್ವಲ್ಪ ಬಿಸಿಯಾದಾಗ ಮೆತ್ತಗಾಗಿ ಹರಡುತ್ತದೆ. ಮುಂದೊಂದು ದಿನ ಪೂರ್ತಿ ನಿಂತುಹೋಗುತ್ತದೆ. ಫ್ಯಾನ್ ನಿಂತರೆ ಒಳಗಿನ ಬಿಸಿ ಹೊರಗೆ ಹೋಗುವುದಿಲ್ಲ. ಒಳ್ಳೇ ಎಸ್‌ಎಂಪಿಎಸ್ ಆದರೆ ತಾನೇ ಆಫ್ ಆಗುತ್ತದೆ. ಕಳಪೆಯದಾದರೆ ಏನಾಗುತ್ತದೆ ಅಂತ ಹೇಳಲಾಗುವುದಿಲ್ಲ.

ಇಲ್ಲಿ ನನ್ನ ಬಾಯಿಂದ ಒಂದು ಪ್ರಶ್ನೆ ಬಂತು. "ಫ್ಯಾನ್ ತಾನೇ ಅಣ್ಣಾ, ಬಿಚ್ಚಿ ಒಂದು ತೊಟ್ಟು ಹೊಲಿಗೆ ಮಷಿನ್ ಎಣ್ಣೆ ಬಿಟ್ರೆ ಆಗಲ್ವಾ?" ವಿಡಿಯೊಗಳಲ್ಲಿ ಎಲ್ಲರೂ ಅದನ್ನೇ ತೋರಿಸುತ್ತಾರಲ್ಲ. ಅವರು ಎಸ್‌ಎಂಪಿಎಸ್ ಡಬ್ಬಿಯನ್ನು ನನ್ನ ಕಡೆ ತಿರುಗಿಸಿದರು. "ಇದನ್ನ ಬಿಚ್ಚೋದು ನನ್ನ ಕೆಲಸ ಅಲ್ಲ ಸರ್. ನಿಮ್ಮದಂತೂ ಅಲ್ಲವೇ ಅಲ್ಲ."

ಅವರು ಹೇಳಿದ ಲೆಕ್ಕ ಇದು. ಗೋಡೆಯಲ್ಲಿ ಬರುವುದು 230 ವೋಲ್ಟ್ ಎಸಿ. ಡಬ್ಬಿಯೊಳಗೆ ಅದು ಮೊದಲು ಡಿಸಿ ಆಗುತ್ತದೆ, ಆಗಲೇ 325 ವೋಲ್ಟ್ ಹತ್ತಿರ. ಪವರ್ ಫ್ಯಾಕ್ಟರ್ ಕರೆಕ್ಷನ್ ಇದ್ದರೆ ಇನ್ನೂ ಏರಿ 380, 400ರ ಸುತ್ತಮುತ್ತ ಹೋಗುತ್ತದೆ. ಅಷ್ಟನ್ನೂ ಹೆಬ್ಬೆರಳಿಗಿಂತ ದಪ್ಪಗಿರುವ ಒಂದು ಕೆಪಾಸಿಟರ್ ಹಿಡಿದಿಟ್ಟುಕೊಂಡಿರುತ್ತದೆ. ಪ್ಲಗ್ ತೆಗೆದ ಮೇಲೂ ಅದು ತಕ್ಷಣ ಖಾಲಿಯಾಗುವುದಿಲ್ಲ. ಖಾಲಿ ಮಾಡಲಿಕ್ಕೆ ಅಂತ ಒಳಗೆ ರೆಸಿಸ್ಟರ್ ಹಾಕಿರುತ್ತಾರೆ, ಆದರೆ ಕೆಟ್ಟ ಎಸ್‌ಎಂಪಿಎಸ್‌ನಲ್ಲಿ ಆ ರೆಸಿಸ್ಟರೇ ಕೆಟ್ಟಿದ್ದರೆ? ಹೊರಗಿನಿಂದ ನೋಡಿ ಹೇಳಲಾಗುವುದಿಲ್ಲ. ಪ್ಲಗ್ ತೆಗೆದು ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿ ಹಿಡಿದರೆ ಎಲ್ಲ ಖಾಲಿ ಅಂತ ಬಹಳ ಜನ ನಂಬಿದ್ದಾರೆ. ಬೋರ್ಡು, ರ್‍ಯಾಮ್ ಮುಟ್ಟುವುದಕ್ಕೆ ಅದು ಒಳ್ಳೇ ಅಭ್ಯಾಸ, ಎಸ್‌ಎಂಪಿಎಸ್ ಬಿಚ್ಚುವುದಕ್ಕೆ ಅದು ಗ್ಯಾರಂಟಿ ಅಲ್ಲ. ಫ್ಯಾನಿನ ಜಾಲರಿಯೊಳಗೆ ಸ್ಕ್ರೂಡ್ರೈವರ್ ತೂರಿಸಿ ರೆಕ್ಕೆ ನಿಲ್ಲಿಸಿ ನೋಡುವವರಿಗೂ ಇದೇ ಮಾತು.

ಬದಲಿಗೆ ಅವರು ಕೇಳಿದ್ದು ಬಿಲ್. ನನ್ನದು ಐದು ವರ್ಷದ ವಾರಂಟಿಯ ಎಸ್‌ಎಂಪಿಎಸ್, ನಾಲ್ಕನೇ ವರ್ಷ ನಡೆಯುತ್ತಿತ್ತು. "ಫ್ಯಾನ್ ಸದ್ದಿಗೂ ವಾರಂಟಿ ಸಿಗುತ್ತೆ ಸರ್, ಈ ಸ್ಟಿಕ್ಕರ್ ಹರಿದ್ರೆ ಮಾತ್ರ ಸಿಗಲ್ಲ" ಅಂದರು. ಕೊಳವೆಯ ತುದಿಗೆ ಫೋನ್ ಹಿಡಿದು ಸದ್ದನ್ನು ರೆಕಾರ್ಡ್ ಮಾಡಿಸಿದ್ದೂ ಅದಕ್ಕೇ. ಸರ್ವಿಸ್ ಸೆಂಟರಿನಲ್ಲಿ ಮೆಷಿನ್ ಬಿಸಿಯಾದ ಮೇಲೆ ಕೇಳಿ "ಏನೂ ಇಲ್ವಲ್ಲ" ಅನ್ನಬಾರದಲ್ಲ. ಕೊಟ್ಟು ಬಂದೆ, ಎರಡು ಮೂರು ವಾರ ಕಾಯಿಸಿದರು, ಬದಲಿ ಬಂತು. ಹೇಳಿಕೊಳ್ಳುವಂಥ ವಿಶೇಷ ಅದರಲ್ಲಿ ಏನೂ ಇಲ್ಲ.

ಕಳಿಸುವ ಮೊದಲು ಇನ್ನೊಂದು ಕೆಲಸ ಮಾಡಿದರು. ಎಸ್‌ಎಂಪಿಎಸ್‌ನ 24 ಪಿನ್ನಿನ ಕನೆಕ್ಟರಿನಲ್ಲಿ ಹಸಿರು ವೈರನ್ನೂ ಕಪ್ಪು ವೈರನ್ನೂ ಜೋಡಿಸಿ ಅದೊಂದನ್ನೇ ಆನ್ ಮಾಡುವುದು ರಿಪೇರಿಯವರ ಹಳೇ ವಿದ್ಯೆ. ಈಗ ಬರುವ ಎಷ್ಟೋ ಎಸ್‌ಎಂಪಿಎಸ್‌ಗಳಲ್ಲಿ ಎಲ್ಲ ವೈರೂ ಕಪ್ಪು, ಬಣ್ಣ ನೋಡಿ ಮಾಡಲು ಹೋದರೆ ಕೆಟ್ಟಿತು. ಅವರು ಪಿನ್ ಎಣಿಸಿ 16 ಮತ್ತು 17ಕ್ಕೆ ತಮ್ಮದೇ ಪ್ಲಗ್ ಹಾಕಿ, ಲೋಡಿಗೆ ಒಂದು ಹಳೇ ಹಾರ್ಡ್ ಡಿಸ್ಕ್ ಕಟ್ಟಿ, ಮೀಟರ್ ಇಟ್ಟರು. 12 ವೋಲ್ಟ್ ಇರಬೇಕಾದಲ್ಲಿ 12.1, 5ರ ಜಾಗದಲ್ಲಿ 5.04. ಶೇಕಡಾ ಐದರಷ್ಟು ಹೆಚ್ಚುಕಮ್ಮಿ ಇದ್ದರೆ ನಡೆಯುತ್ತದೆ, ಅಂದರೆ 12 ವೋಲ್ಟಿಗೆ 11.4ರಿಂದ 12.6ರವರೆಗೆ. ನನ್ನದು ಫ್ಯಾನ್ ಬಿಟ್ಟು ಉಳಿದೆಲ್ಲ ಚೆನ್ನಾಗಿತ್ತು. ಹಾಗಂತ ಇದನ್ನು ಮನೆಯಲ್ಲಿ ಮಾಡಲು ಹೋಗಬೇಡಿ. ಲೋಡೇ ಇಲ್ಲದೆ ಹೀಗೆ ಆನ್ ಆಗಿದ್ದನ್ನು ನೋಡಿ ಎಸ್‌ಎಂಪಿಎಸ್ ಚೆನ್ನಾಗಿದೆ ಅಂತ ಮಾರುವವರೂ ಆ ರಸ್ತೆಯಲ್ಲಿದ್ದಾರೆ, ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಹುಷಾರು.

ನಾನು ಅಲ್ಲಿದ್ದಾಗಲೇ ಒಬ್ಬ ಹುಡುಗ ಹೊಸಾ ಎಸ್‌ಎಂಪಿಎಸ್ ಹಿಡಿದುಕೊಂಡು ಬಂದ. "ಫ್ಯಾನೇ ತಿರುಗ್ತಿಲ್ಲ, ವಾಪಸ್ ಕೊಡ್ಬೇಕು." ಅವನದು ಸೀಸಾನಿಕ್ ಫೋಕಸ್ ಜಿಎಕ್ಸ್ ಗೋಲ್ಡ್. ಅದರಲ್ಲಿ ಹೈಬ್ರಿಡ್ ಅಂತ ಒಂದು ಬಟನ್ ಇದೆ, ಅದನ್ನು ಒತ್ತಿದ್ದರೆ ಲೋಡ್ ಕಡಿಮೆ ಇರುವಾಗ ಫ್ಯಾನ್ ನಿಂತೇ ಇರುತ್ತದೆ. ಕೋರ್ಸೇರ್‌ನ ಆರ್‌ಎಂ ಸರಣಿಯಲ್ಲೂ ಲೋಡ್ ಕಡಿಮೆ ಇದ್ದಾಗ ಫ್ಯಾನ್ ನಿಂತಿರುತ್ತದೆ. ಬಟನ್ ಬದಲಾಯಿಸಿ ತೋರಿಸಿದರು, ಫ್ಯಾನ್ ತಿರುಗಿತು, ಹುಡುಗ ನಗುತ್ತಾ ಹೋದ. ದುಡ್ಡು ತಗೊಳ್ಳಲಿಲ್ಲ.

ಅವನು ಹೋದ ಮೇಲೆ ನಾನು ಡಬ್ಬಿಯ ಮೇಲೆ ದಕ್ಷತೆಯ ದರ್ಜೆಯನ್ನು ಗೋಲ್ಡು, ಬ್ರಾಂಜು ಅಂತ ಬರೆದಿರುತ್ತಾರಲ್ಲ ಅದರಿಂದ ಸದ್ದು ಕಡಿಮೆಯಾಗುತ್ತಾ ಅಂತ ಕೇಳಿದೆ. ಆಗುತ್ತದೆ, ಸುತ್ತುಬಳಸಿ. ಕಂಪ್ಯೂಟರಿಗೆ 300 ವ್ಯಾಟ್ ಬೇಕು ಅಂದುಕೊಳ್ಳಿ. ಶೇಕಡಾ 85ರ ದಕ್ಷತೆಯ ಎಸ್‌ಎಂಪಿಎಸ್ ಗೋಡೆಯಿಂದ ಸುಮಾರು 353 ವ್ಯಾಟ್ ಎಳೆಯುತ್ತದೆ, ಅದರಲ್ಲಿ 53 ವ್ಯಾಟ್ ಬರೀ ಬಿಸಿ. ಶೇಕಡಾ 90ರದ್ದಾದರೆ ಬಿಸಿ 33 ವ್ಯಾಟ್ ಅಷ್ಟೇ. ಬಿಸಿ ಕಡಿಮೆಯಾದರೆ ಫ್ಯಾನ್ ನಿಧಾನವಾಗಿ ತಿರುಗಿದರೂ ಸಾಕು. ಆದರೆ ಫ್ಯಾನೇ ಕಳಪೆಯಾಗಿದ್ದರೆ ಗೋಲ್ಡ್ ಅಂತ ಬರೆದಿದ್ದು ಏನೂ ಮಾಡುವುದಿಲ್ಲ. ಕೊಳ್ಳುವಾಗ ಬೇರಿಂಗ್ ಯಾವುದು ಅಂತಲೂ ನೋಡಿ, ಫ್ಲೂಯಿಡ್ ಡೈನಾಮಿಕ್ ಇದ್ದರೆ ಒಳ್ಳೆಯದು.

ನನಗೆ ಅತಿ ಹೆಚ್ಚು ಉಪಯೋಗಕ್ಕೆ ಬಂದದ್ದು ಸದ್ದಿಗೆ ಸಂಬಂಧವೇ ಇಲ್ಲದ ಒಂದು ಪ್ರಶ್ನೆ. "ಬರಿಗಾಲಲ್ಲಿ ಕ್ಯಾಬಿನೆಟ್ ಮುಟ್ಟಿದಾಗ ಜುಮ್ ಅನ್ನುತ್ತಾ?" ಅನ್ನುತ್ತದೆ, ವರ್ಷಗಳಿಂದ. ನಾವು ಅದನ್ನು ಮಾಮೂಲು ಅಂದುಕೊಂಡಿದ್ದೆವು. ಅವರು ತಲೆ ಅಲ್ಲಾಡಿಸಿ, ಮನೆಗೆ ಎಲೆಕ್ಟ್ರಿಷಿಯನ್ ಕರೆಸಿ ಅರ್ತಿಂಗ್ ನೋಡಿಸಿ ಅಂದರು. ಎಸ್‌ಎಂಪಿಎಸ್ ಬಾಯಲ್ಲೇ ಒಂದು ಫಿಲ್ಟರ್ ಇರುತ್ತದೆ, ಅದರಿಂದ ತುಸು ಕರೆಂಟು ಕ್ಯಾಬಿನೆಟ್ಟಿಗೆ ಬರುವುದು ಸಹಜ, ಅರ್ತ್ ವೈರ್ ಇದ್ದರೆ ಅದು ಸೀದಾ ನೆಲಕ್ಕೆ ಹೋಗುತ್ತದೆ. ಅರ್ತ್ ಇಲ್ಲದಿದ್ದರೆ ನಮ್ಮ ಮೈ ಮೂಲಕ ಹೋಗುತ್ತದೆ. ಆ ತುಸು ಕರೆಂಟಿನಿಂದ ಜುಮ್ ಅಷ್ಟೇ, ಆದರೆ ಎಸ್‌ಎಂಪಿಎಸ್ ಒಳಗೆ ಏನಾದರೂ ನಿಜವಾಗಿ ಶಾರ್ಟ್ ಆದ ದಿನ ಕಾಪಾಡಲಿಕ್ಕೆ ಯಾರೂ ಇರುವುದಿಲ್ಲ. ನಮ್ಮದು ಹನುಮಂತನಗರದ ಹಳೇ ಬಾಡಿಗೆ ಮನೆ. ಎಲೆಕ್ಟ್ರಿಷಿಯನ್ ಬಂದು ಫೇಸಿಗೂ ಅರ್ತಿಗೂ ಟೆಸ್ಟ್ ಲ್ಯಾಂಪ್ ಇಟ್ಟ, ಬಲ್ಬು ಹೊತ್ತಲೇ ಇಲ್ಲ. ಸಾಕೆಟ್ಟಿನಲ್ಲಿ ಮೂರು ತೂತು, ಹಿಂದೆ ಎರಡೇ ವೈರು. ಓನರ್ ಆಂಟಿ ಗೊಣಗಿಕೊಂಡೇ ಸರಿಮಾಡಿಸಿಕೊಟ್ಟರು.

ಯಾವ ಸದ್ದಿಗೆ ಓಡಬೇಕು ಅಂತಲೂ ಕೇಳಿಕೊಂಡೆ. ಆನ್ ಆಫ್ ಮಾಡುವಾಗ ಒಂದೇ ಒಂದು ಟಕ್ ಅಂದರೆ ಅದು ರಿಲೇ (ಒಳಗಿನ ಸ್ವಿಚ್), ಬಹಳ ಎಸ್‌ಎಂಪಿಎಸ್‌ಗಳಲ್ಲಿ ಇರುವಂಥದ್ದೇ. ಚಟಚಟ, ಸರ್ ಅನ್ನುವ ಸದ್ದು, ಸುಟ್ಟ ವಾಸನೆ, ಹಿಂದಿನ ಜಾಲರಿಯಲ್ಲಿ ಬೆಳಕು ಮಿಂಚಿದ್ದು, ಇವುಗಳಲ್ಲಿ ಯಾವುದೇ ಆದರೂ ಗೋಡೆಯ ಸ್ವಿಚ್ ಆಫ್ ಮಾಡಿ. ಆಮೇಲೆ ಪ್ಲಗ್ ಕಿತ್ತು ಸುಮ್ಮನೆ ಬಿಡಿ, ಇನ್ನೊಂದು ಸಲ ಆನ್ ಮಾಡಿ ನೋಡೋಣ ಅನ್ನುವ ಕುತೂಹಲ ಬೇಡ. ಕೊಳವೆ, ರೆಕಾರ್ಡಿಂಗ್ ಏನೂ ಬೇಡ.

ಇನ್ನು ಅಂಗಡಿಯ ಬಗ್ಗೆ ದೂರುಗಳು. ಮಹಡಿ ಮೆಟ್ಟಿಲು ಕಡಿದು, ಕತ್ತಲೆ, ಒಬ್ಬರು ಹತ್ತುವಾಗ ಇನ್ನೊಬ್ಬರು ಇಳಿಯುವಂತಿಲ್ಲ. ಹತ್ತು ಕೆಜಿಯ ಕ್ಯಾಬಿನೆಟ್ ಹೊತ್ತವರಿಗೆ ಅದೊಂದು ಶಿಕ್ಷೆ. ಕೂರಲು ಇರುವುದು ಒಂದೇ ಸ್ಟೂಲು, ಅದರ ಮೇಲೂ ಯಾರದೋ ಪ್ರಿಂಟರ್ ಕೂತಿರುತ್ತದೆ. ಮಧ್ಯಾಹ್ನ ಊಟದ ಹೊತ್ತಿನಲ್ಲಿ ಫೋನ್ ಎತ್ತುವುದಿಲ್ಲ. ಬಿಲ್ ಕೇಳಿದರೆ ಹಳೇ ರಸೀದಿ ಪುಸ್ತಕದಲ್ಲಿ ಕೈಯಲ್ಲಿ ಬರೆದುಕೊಡುತ್ತಾರೆ, ಆಫೀಸಿನಲ್ಲಿ ಕ್ಲೈಮ್ ಮಾಡುವವರಿಗೆ ಅದು ಆಗುವುದಿಲ್ಲ. ಮಾತು ಸ್ವಲ್ಪ ಜಾಸ್ತಿ. ನಾನು ಕ್ಯಾಬಿನೆಟ್ಟನ್ನು ನೆಲದ ಮೇಲೆ ಇಡುತ್ತೇನೆ ಅಂದದ್ದಕ್ಕೆ ಹತ್ತು ನಿಮಿಷ ಬೈಸಿಕೊಂಡೆ. ಎಸ್‌ಎಂಪಿಎಸ್ ಕೆಳಗಿದ್ದು ಅಲ್ಲಿಂದಲೇ ಗಾಳಿ ಎಳೆಯುವ ಕ್ಯಾಬಿನೆಟ್ಟಿಗೆ ನೆಲದ ಧೂಳು, ಊದುಬತ್ತಿ ಬೂದಿ, ಗುಡಿಸಿದಾಗ ಎದ್ದ ಕೂದಲು ಎಲ್ಲವೂ ಸೀದಾ ಒಳಗೆ ಹೋಗುತ್ತವಂತೆ. ಅವರು ಅಡಿಯ ಜಾಲರಿ ಎಳೆದು ತೋರಿಸಿದರು. ಕಂಬಳಿ ಥರ ಕೂತಿತ್ತು, ಬೈಸಿಕೊಂಡದ್ದಕ್ಕೆ ಬೇಜಾರಾಗಲಿಲ್ಲ.

ತಗೊಂಡದ್ದು 400 ರೂಪಾಯಿ, ಧೂಳು ಹೊಡೆದದ್ದೂ ಸೇರಿ. ಯುಪಿಐ ಇದೆ. ಐದಕ್ಕೆ ನಾಲ್ಕೂವರೆ ಕೊಡುತ್ತೇನೆ, ಅರ್ಧ ಕಳೆದದ್ದು ಮೆಟ್ಟಿಲಿಗೆ. ಆ ಕಡೆ ಹೋಗುವವರು ಕಾರು ತರಬೇಡಿ, ನಿಲ್ಲಿಸಲು ಜಾಗವೇ ಇಲ್ಲ. ಚಿಕ್ಕಪೇಟೆ ಮೆಟ್ರೋದಲ್ಲಿ ಇಳಿದು ನಡೆಯಬಹುದು, ಕ್ಯಾಬಿನೆಟ್ ಇದ್ದರೆ ಆಟೋ ಹಿಡಿಯಿರಿ, ಬೆಳಿಗ್ಗೆ ಬೇಗ. ಹೋಗುವ ಮೊದಲು ನಿಮ್ಮ ಮೆಷಿನ್ ಯಾವಾಗ ಸದ್ದು ಮಾಡುತ್ತದೆ ಅಂತ ಬರೆದಿಟ್ಟುಕೊಳ್ಳಿ, ಎಸ್‌ಎಂಪಿಎಸ್ ಬಿಲ್ ಹುಡುಕಿ ಜೊತೆಗಿಟ್ಟುಕೊಳ್ಳಿ. ಯಾವ ಅಂಗಡಿಗೆ ಹೋದರೂ ಇವೆರಡು ಬೇಕು.